ಮಂಗಳವಾರ ಸಂಜೆ ಅವಳು ಎಲ್ಲಿರುತ್ತಾಳೆ

ಊರಿಂದ ಯಾರೇ ಫೋನ್ ಮಾಡಲಿ, ನಾನಿರೋದು ಅಮೆರಿಕದ ಯೂಟಾ ರಾಜ್ಯದಲ್ಲಿ ಅಂತ ಗೊತ್ತಾದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ಮಾರ್ಮನ್ನರಂತೆ, ಒಬ್ಬೊಬ್ಬನಿಗೆ ನಾಲ್ಕೈದು ಹೆಂಡತಿಯರಂತೆ, ಹೌದಾ? ಮಾರ್ಮನ್ನರದ್ದು ಒಂದು ಕ್ರೈಸ್ತ ಪಂಗಡ, ಅವರ ಚರ್ಚ್ 1890ರಲ್ಲೇ ಅದನ್ನು ಅಧಿಕೃತವಾಗಿ ಕೈಬಿಟ್ಟಿತು ಅನ್ನುತ್ತೇನೆ. ಈಗ ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಚರ್ಚಿನಿಂದ ಹೊರಗೆ ಹಾಕುತ್ತಾರೆ ಅಂತಲೂ ಹೇಳುತ್ತೇನೆ. ಓಹೋ ಹೌದಾ ಅಂದು ಬೇರೆ ಮಾತಿಗೆ ಹೋಗುತ್ತಾರೆ. ಮುಂದೆ ಯಾರೂ ಏನೂ ಕೇಳುವುದಿಲ್ಲ. ನನ್ನನ್ನು ಕೊರೆಯುವುದು ಅದೇ. ನಮ್ಮ ಮನೆಯ ಗೋಡೆಗೆ ತಾಗಿಕೊಂಡೇ ಇರುವ ಮನೆಯಲ್ಲಿ 25 ವರ್ಷದ ಒಬ್ಬ ಮಾರ್ಮನ್ ಹುಡುಗಿ ಇದ್ದಾಳೆ. ಆಸ್ಪತ್ರೆಯಲ್ಲಿ ನರ್ಸ್. ನಾಲ್ಕು ಹೆಂಡಿರ ಕಥೆಯಲ್ಲಿ ಅವಳಿಗೆ ಜಾಗವೇ ಇಲ್ಲ. ಅವಳು ಬೆಳಗ್ಗೆ ಎದ್ದು ಏನು ಮಾಡುತ್ತಾಳೆ, ಮಂಗಳವಾರ ಸಂಜೆ ಎಲ್ಲಿಗೆ ಹೋಗುತ್ತಾಳೆ, ಯಾವುದನ್ನು ನಂಬುತ್ತಾಳೆ, ಯಾವುದು ಅವಳಿಗೆ ನೋವು ಕೊಡುತ್ತದೆ ಅನ್ನೋದು ಆ ಪ್ರಶ್ನೆ ಕೇಳುವವರಿಗೆ ಬೇಕಾಗಿಲ್ಲ. ನನಗೆ ಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಹೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾಳೆ.

(ಮಾರ್ಮನ್ ಅನ್ನೋ ಹೆಸರನ್ನು ಅವರ ಚರ್ಚ್ ಈಗ ಬಳಸುವುದಿಲ್ಲ. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್, ಪೂರ್ತಿ ಹೆಸರೇ ಹೇಳಿ ಅಂದರು. ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್ ಅಂತ. ಓದುವವರಿಗೆ ಗುರುತು ಸಿಗಲಿ ಅಂತ ನಾನು ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಅದಕ್ಕೂ ಅವಳು ಒಪ್ಪಿದ್ದಾಳೆ.)

ನಮ್ಮ ಮನೆಗೆ ಯಾರಾದರೂ ಬಂದರೆ ಮೊದಲು ಕಾಫಿ. ಅವಳಿಗೆ ಅದು ಆಗುವುದಿಲ್ಲ. ಕಾಫಿ, ಟೀ, ಮದ್ಯ, ತಂಬಾಕು ಯಾವುದೂ ಇಲ್ಲ. ಸ್ಥಾಪಕ ಜೋಸೆಫ್ ಸ್ಮಿತ್‌ಗೆ 1833ರಲ್ಲಿ ದೇವರಿಂದ ಬಂದ ಮಾತು ಅಂತ ಅವರು ನಂಬುವ ನಿಯಮ ಅದು. ಐಸ್ ಟೀ ಆದೀತಾ, ಗ್ರೀನ್ ಟೀ ಆದೀತಾ ಅನ್ನುವವರಿಗೆ 2019ರಲ್ಲಿ ಚರ್ಚ್ ಇನ್ನೊಮ್ಮೆ ಬಿಡಿಸಿ ಹೇಳಿತು, ಅದೂ ಆಗದು ಅಂತ. ಶಿರಸಿಯಿಂದ ಅಮ್ಮ ಕಳಿಸುವ ಕೊತ್ತಂಬರಿ ಜೀರಿಗೆ ಕಷಾಯದ ಪುಡಿಯಲ್ಲಿ ಟೀ ಎಲೆ ಇಲ್ಲವಲ್ಲ. ಅದಕ್ಕೆ ಹಾಲು ಬೆಲ್ಲ ಹಾಕಿ ಕುದಿಸಿ ಕೊಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಕಾರು ನಿಲ್ಲಿಸಿ ನೇರ ನಮ್ಮ ಅಡುಗೆಮನೆಗೇ ಬರುತ್ತಾಳೆ. ಹನ್ನೆರಡು ತಾಸು ನಿಂತ ಕಾಲು. ಆಸ್ಪತ್ರೆಯಲ್ಲಿ ಉಳಿದವರೆಲ್ಲ ಕಾಫಿಯ ಮೇಲೇ ರಾತ್ರಿ ಕಳೆಯುತ್ತಾರೆ. ಇವಳದ್ದು ತೆಂಗಿನಕಾಯಿ ಸಿರಪ್ಪು, ನಿಂಬೆ ಹಿಂಡಿದ ಡಯಟ್ ಕೋಕ್. ಅಂಥದ್ದು ಮಾರುವ ಸೋಡಾ ಅಂಗಡಿಗಳು ಇಲ್ಲಿ ಮೂಲೆಮೂಲೆಗೂ ಇವೆ. ಲೋಟ ಕೈಲಿ ಹಿಡಿದು, ಫೋನಿನಲ್ಲಿ ಆ ದಿನದ ಶಾಸ್ತ್ರದ ಅಧ್ಯಾಯ ಓದುತ್ತಾಳೆ. ಹತ್ತು ನಿಮಿಷ. ನಾನು ಒಲೆ ಮುಂದೆ ನನ್ನ ಕೆಲಸ ಮಾಡಿಕೊಳ್ಳುತ್ತೇನೆ.

ಕಾರಿನ ಡಿಕ್ಕಿಯಲ್ಲಿ ಹಿಟ್ಟಿನ ಚೀಲ

ಅವಳ ಚರ್ಚಿನಲ್ಲಿ ಊರಮಟ್ಟದಲ್ಲಿ ಸಂಬಳದ ಪಾದ್ರಿ ಇಲ್ಲ. ಒಂದಷ್ಟು ಬೀದಿಗಳು ಸೇರಿ ಒಂದು ವಾರ್ಡ್. ಅದಕ್ಕೊಬ್ಬ ಬಿಷಪ್. ಅವಳ ಬಿಷಪ್ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಹಗಲು ಕ್ಲಿನಿಕ್, ಸಂಜೆ ವಾರ್ಡು. ಬಾಕಿಯವರಿಗೂ ಒಂದೊಂದು ಕೆಲಸ. ಅದಕ್ಕೆ ಕಾಲಿಂಗ್ ಅನ್ನುತ್ತಾರೆ. ಒಬ್ಬರು ಆರ್ಗನ್ ನುಡಿಸಬೇಕು, ಇನ್ನೊಬ್ಬರು ಪುಟ್ಟ ಮಕ್ಕಳನ್ನು ನೋಡಿಕೊಳ್ಳಬೇಕು, ಮತ್ತೊಬ್ಬರು ಲೆಕ್ಕ ಬರೆಯಬೇಕು. ಇಂಥದ್ದೇ ಬೇಕು ಅಂತ ಅರ್ಜಿ ಹಾಕುವ ಹಾಗಿಲ್ಲ. ಕರೆದು ಕೇಳುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಮದುವೆಯಾಗದ ಹುಡುಗ ಹುಡುಗಿಯರಿಗೆ ಬೇರೆ ವಾರ್ಡುಗಳಿವೆ. ಇವಳದ್ದು ಅಂಥದ್ದು. ಇವಳನ್ನು ಕರೆದದ್ದು ರಿಲೀಫ್ ಸೊಸೈಟಿಯ ಅಧ್ಯಕ್ಷೆಯ ಕೆಲಸಕ್ಕೆ. ಅದು ಹೆಂಗಸರ ಸಂಘ. 1842ರ ಮಾರ್ಚ್ 17ರಂದು ಇಲಿನಾಯ್‌ನ ನಾವೂ ಪಟ್ಟಣದಲ್ಲಿ ಶುರುವಾದದ್ದು. ಜೋಸೆಫ್ ಸ್ಮಿತ್‌ನ ಹೆಂಡತಿ ಎಮಾ ಮೊದಲ ಅಧ್ಯಕ್ಷೆ.

ಹೆಸರು ಕೇಳಿದರೆ ಸುಮ್ನೆ ಒಂದು ಮಹಿಳಾ ಮಂಡಲ ಅನ್ನಿಸಬಹುದು. ಹಾಗಲ್ಲ. ತಿಂಗಳ ಮೊದಲ ಭಾನುವಾರ ಇವರೆಲ್ಲ ಉಪವಾಸ. ಎರಡು ಹೊತ್ತಿನ ಊಟ ಬಿಡುತ್ತಾರೆ, ನೀರೂ ಕುಡಿಯುವುದಿಲ್ಲ. ಆ ಎರಡು ಊಟಕ್ಕೆ ಖರ್ಚಾಗುತ್ತಿದ್ದ ದುಡ್ಡನ್ನಾದರೂ ಚರ್ಚಿಗೆ ಕೊಡುತ್ತಾರೆ. ಆದಾಯದ ಹತ್ತನೇ ಒಂದು ಪಾಲು ಕೊಡುವುದು ಬೇರೆ, ಇದು ಬೇರೆ. ಈ ದುಡ್ಡು ಹೋಗುವುದು ಕಷ್ಟದಲ್ಲಿರುವವರಿಗೆ. ಬಿಷಪ್ಸ್ ಸ್ಟೋರ್‌ಹೌಸ್ ಅಂತ ದಿನಸಿಯ ಮಳಿಗೆಗಳಿವೆ. ಒಳಗೆ ಅಂಗಡಿಯ ಹಾಗೇ ಕಪಾಟುಗಳು, ತಳ್ಳುಗಾಡಿಗಳು. ಗಲ್ಲಾ ಮಾತ್ರ ಇಲ್ಲ. ಕೆಲಸ ಹೋದವರು, ಕಾಯಿಲೆ ಬಿದ್ದವರು ಅಲ್ಲಿಂದ ದಿನಸಿ ತರಬೇಕಾದರೆ ಒಂದು ಫಾರಂ ಬೇಕು. ಅದನ್ನು ತುಂಬುವುದಕ್ಕೆ ರಿಲೀಫ್ ಸೊಸೈಟಿ ಅಧ್ಯಕ್ಷೆ ಆ ಮನೆಗೆ ಹೋಗಿ ಕೂತು ಮಾತಾಡಿಸುತ್ತಾಳೆ. ಏನಿದೆ, ಏನಿಲ್ಲ, ಎಷ್ಟು ಜನ, ಯಾರಿಗೆ ಏನು ತಿಂದರೆ ಆಗುವುದಿಲ್ಲ. ಇವಳ ಮಂಗಳವಾರ ಸಂಜೆಗಳು ಹೋಗುತ್ತಿದ್ದುದು ಅಲ್ಲಿಗೆ.

ಒಂದು ಮಂಗಳವಾರ ನನ್ನ ಕಾರು ಕೆಟ್ಟಿತ್ತು. ಗ್ಯಾರೇಜಿನಿಂದ ಕರೆದುಕೊಂಡು ಬರಲು ಅವಳು ಬಂದಳು. ಮುಂದಿನ ಸೀಟಿನ ಮೇಲೆ ಒಂದು ಹಾಳೆ ಇತ್ತು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಅದನ್ನು ಮಗುಚಿ, ಎರಡಾಗಿ ಮಡಚಿ, ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು. ಏನದು ಅಂತ ನಾನು ಕೇಳಲಿಲ್ಲ. ಚೀಲ ಇಡೋಣ ಅಂತ ಡಿಕ್ಕಿ ತೆಗೆದೆ. ಹಿಟ್ಟಿನ ಚೀಲ, ಬೆಣ್ಣೆ, ಹುರುಳಿಕಾಯಿಯ ಡಬ್ಬಿಗಳು, ಪೀಚ್ ಹಣ್ಣಿನ ಡಬ್ಬಿಗಳು. ಒಂದು ಮೂಲೆಯಲ್ಲಿ ಮಗುವಿನ ಡಯಾಪರ್ ಕಟ್ಟು. ದಾರಿಯುದ್ದ ಅವಳು ಹವಾಮಾನದ ಮಾತಾಡಿದಳು. ಯಾರ ಮನೆ, ಏನು ಕಥೆ ಅಂತ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನನ್ನನ್ನು ಇಳಿಸಿ, ಗಾಡಿ ತಿರುಗಿಸಿಕೊಂಡು ಹೋದಳು. ಅವತ್ತು ರಾತ್ರಿ ಅವಳಿಗೆ ಮತ್ತೆ ಪಾಳಿ ಇತ್ತು.

ಅವಳ ನಂಬಿಕೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಮಡಚಿದ ಹಾಳೆಯ ಬಗ್ಗೆ. 1830ರಲ್ಲಿ ಶುರುವಾದ ಚರ್ಚು, ಅವರ ಶಾಸ್ತ್ರಗ್ರಂಥ ಬರೆದಿತ್ತು ಅನ್ನುವ ಚಿನ್ನದ ತಗಡುಗಳು, 1847ರ ಜುಲೈ 24ರಂದು ಸ್ಮಿತ್ ನಂತರದ ನಾಯಕ ಬ್ರಿಗಮ್ ಯಂಗ್ ಗಾಡಿಗಳ ಸಾಲಿನೊಂದಿಗೆ ಈ ಕಣಿವೆಗೆ ಬಂದಿದ್ದು, ಇದೆಲ್ಲ ಅವಳಿಗೆ ನಿಜ, ಪವಿತ್ರ. ಆದರೆ ಅವಳು ದೇವರ ಹತ್ತಿರ ಹೋಗುವುದು ಇನ್ನೊಬ್ಬರ ಅಡುಗೆಮನೆಯ ಮೂಲಕ. 25 ವರ್ಷದವಳನ್ನು ನಂಬಿ, ಇಷ್ಟು ಮನೆಗಳ ಹೊಟ್ಟೆ ನೀನು ನೋಡು ಅಂತ ಬಿಟ್ಟುಕೊಟ್ಟಿದ್ದರು. ಅವಳು ನೋಡಿಕೊಂಡಳು. ಆ ವಯಸ್ಸಿನಲ್ಲಿ ನನಗೆ ಯಾರೂ ಇಂಥ ಜವಾಬ್ದಾರಿ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅಂತ ಅವಳನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಆದರೆ ಒಂದು ವಿಷಯ ಇದೆ. ಹಾಳೆ ತುಂಬುತ್ತಿದ್ದುದು ಇವಳು. ಒಪ್ಪಿಗೆ ಬಿಷಪ್‌ನದ್ದು. ಬಿಷಪ್ ಗಂಡಸೇ ಆಗಿರಬೇಕು.

ಗಂಡಸರ ವೃತ್ತ

ಅವಳ ಅಕ್ಕನ ಮಗುವಿಗೆ ಹೆಸರಿಟ್ಟು ಹರಸುವ ದಿನ ನನ್ನನ್ನೂ ಕರೆದಿದ್ದಳು. ಅಪ್ಪ ಅಮ್ಮನ ವಾರ್ಡಿನಲ್ಲಿ, ಉಪವಾಸದ ಭಾನುವಾರ. ಚರ್ಚ್ ಅಂದರೆ ದೊಡ್ಡ ಗೋಪುರ, ಬಣ್ಣದ ಗಾಜು ಅಂದುಕೊಳ್ಳಬೇಡಿ. ಬೆಂಚುಗಳು, ಕಾರ್ಪೆಟ್ಟು, ಹಿಂದೆ ಬಾಸ್ಕೆಟ್‌ಬಾಲ್ ಆಡುವ ಹಾಲ್. ಎಲ್ಲ ಕಡೆ ಮಕ್ಕಳು. ಬೆಂಚಿನ ಕೆಳಗೆ ತೆವಳುವವು, ಡಬ್ಬಿಯಿಂದ ಚಿಕ್ಕ ಚಿಕ್ಕ ಬಿಸ್ಕೀಟು ತಿನ್ನುವವು. ಯಾರೂ ಗದರುವುದಿಲ್ಲ.

ಮಗುವನ್ನು ಎತ್ತಿಕೊಂಡು ಅಪ್ಪ ಮುಂದೆ ಹೋದ. ಅವನ ಜೊತೆ ಅಜ್ಜಂದಿರು, ಚಿಕ್ಕಪ್ಪ, ಮಾವ, ಬಿಷಪ್. ಎಲ್ಲರೂ ವೃತ್ತವಾಗಿ ನಿಂತರು. ಎಡಗೈ ಪಕ್ಕದವನ ಹೆಗಲ ಮೇಲೆ, ಬಲಗೈ ಮಗುವಿನ ಕೆಳಗೆ. ಮಗು ಅಳದೆ ಇರಲಿ ಅಂತ ಆ ಕೈಗಳೆಲ್ಲ ಸಣ್ಣಗೆ ಮೇಲೆ ಕೆಳಗೆ ಆಡುತ್ತಿದ್ದವು. ಸೂಟು ಹಾಕಿದ ಗಂಡಸರ ಬೆನ್ನು ಬಿಟ್ಟರೆ ನಮಗೇನೂ ಕಾಣುತ್ತಿರಲಿಲ್ಲ. ಅಪ್ಪ ಮೈಕಿನಲ್ಲಿ ಹೆಸರು ಹೇಳಿದ. ಆರೋಗ್ಯ ಕೇಳಿದ, ಒಳ್ಳೆಯ ಗೆಳೆಯರನ್ನು ಕೇಳಿದ. ಅವನ ಗಂಟಲು ಕಟ್ಟಿತು. ನಾನು ಪಕ್ಕಕ್ಕೆ ನೋಡಿದೆ. ಅಕ್ಕ ಬೆಂಚಿನಲ್ಲಿ ಕೂತಿದ್ದಳು, ಕೈಯಲ್ಲಿ ಮಗುವಿನ ಹೊದಿಕೆ. ಹೆತ್ತು ಎರಡು ತಿಂಗಳಾಗಿತ್ತು ಅಷ್ಟೇ. ಕಣ್ಣು ಮುಚ್ಚಿದ್ದಳು, ಮುಖದಲ್ಲಿ ಸಂತೋಷವೇ ಇತ್ತು. ನನ್ನ ಪಕ್ಕದಲ್ಲಿದ್ದ ಇವಳು ಮಾತ್ರ ಕಣ್ಣು ಬಿಟ್ಟುಕೊಂಡು ಆ ಬೆನ್ನುಗಳನ್ನು ನೋಡುತ್ತಿದ್ದಳು.

ಆಮೇಲೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ಚೂರು, ಪುಟ್ಟ ಲೋಟದಲ್ಲಿ ನೀರು ಬಂತು. ಇವರಲ್ಲಿ ದ್ರಾಕ್ಷಾರಸ ಇಲ್ಲ, ನೀರೇ. ತಟ್ಟೆ ಹಿಡಿದು ಬೆಂಚಿಂದ ಬೆಂಚಿಗೆ ತಂದವರು ಹನ್ನೆರಡು ಹದಿಮೂರರ ಹುಡುಗರು. ಬಿಳಿ ಅಂಗಿ, ಅಂಕುಡೊಂಕಾಗಿ ಕಟ್ಟಿದ ಟೈ. ಆ ವಯಸ್ಸಿಗೇ ಹುಡುಗರಿಗೆ ಪುರೋಹಿತಿಕೆಯ ಮೊದಲ ಮೆಟ್ಟಿಲು ಸಿಗುತ್ತದೆ. ಹುಡುಗಿಯರಿಗೆ ಹನ್ನೆರಡಕ್ಕೂ ಇಲ್ಲ, ಎಂಬತ್ತಕ್ಕೂ ಇಲ್ಲ.

ಉಪವಾಸದ ಭಾನುವಾರ ಪ್ರವಚನ ಇರುವುದಿಲ್ಲ. ಯಾರು ಬೇಕಾದರೂ ಎದ್ದು ಹೋಗಿ ತಮ್ಮ ನಂಬಿಕೆಯ ಬಗ್ಗೆ ಎರಡು ಮಾತು ಹೇಳಬಹುದು. ಒಬ್ಬ ಮುದುಕ ತನ್ನ ಹಸುಗಳ ಬಗ್ಗೆ ಮಾತಾಡಿದ. ಒಂದು ಪುಟ್ಟ ಹುಡುಗಿ, ಅವಳಮ್ಮ ಕಿವಿಯಲ್ಲಿ ಹೇಳಿಕೊಟ್ಟಿದ್ದನ್ನು ಮೈಕಿಗೆ ಹೇಳಿದಳು. ಆಮೇಲೆ ಇವಳು ಎದ್ದಳು. ಇಲ್ಲಿ ಎಲ್ಲರೂ ‘ನನಗೆ ಗೊತ್ತು’ ಅಂತಲೇ ಶುರು ಮಾಡುವುದು ರೂಢಿ. ದೇವರಿದ್ದಾನೆ ಅಂತ ನನಗೆ ಗೊತ್ತು, ಈ ಚರ್ಚ್ ಸತ್ಯ ಅಂತ ನನಗೆ ಗೊತ್ತು. ಇವಳು ಹೇಳಿದ್ದು ಬೇರೆ. ನನಗೆ ಎಲ್ಲವೂ ಗೊತ್ತಿಲ್ಲ, ಕೆಲವಕ್ಕೆ ಉತ್ತರ ಸಿಕ್ಕಿಲ್ಲ, ಆದರೆ ಯಾರದ್ದೋ ಮನೆ ಬಾಗಿಲಲ್ಲಿ ನಿಂತಾಗ ನನ್ನ ಜೊತೆ ಯಾರೋ ನಿಂತಿರುವುದು ಅನುಭವಕ್ಕೆ ಬಂದಿದೆ, ಅದನ್ನು ಇಲ್ಲ ಅನ್ನಲಾರೆ. ಇಷ್ಟು ಹೇಳಿ ಬಂದು ಕೂತಳು. ಅವಳಮ್ಮ ಅವಳ ಕೈ ಹಿಡಿದುಕೊಂಡರು.

ಮನೆಗೆ ಬರುವಾಗ ಕೇಳಿದೆ. ಆ ವೃತ್ತದಲ್ಲಿ ಅಕ್ಕ ಇರಬೇಕಿತ್ತು ಅನ್ನಿಸಲಿಲ್ವಾ? ಪ್ರತೀ ಸಲ ಅನ್ನಿಸುತ್ತದೆ ಅಂದಳು.

ಸಾಕ್ಷಿಯ ಕುರ್ಚಿ

ಈ ನೋವು ಅವಳಿಗೆ ಹೊಸದಲ್ಲ. 19 ತುಂಬಿದ ಮೇಲೆ ಮಿಷನ್‌ಗೆ, ಅಂದರೆ ಧರ್ಮಪ್ರಚಾರದ ಸೇವೆಗೆ, ಹೋದಳು. ಮೊದಲು ಹುಡುಗಿಯರು 21ರವರೆಗೆ ಕಾಯಬೇಕಿತ್ತು. 2012ರಲ್ಲಿ ಅದನ್ನು 19ಕ್ಕೆ ಇಳಿಸಿದ ಮೇಲೆ ಹೋಗುವ ಹುಡುಗಿಯರು ಬಹಳ ಜಾಸ್ತಿಯಾದರು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ 18 ತಿಂಗಳು. ಖರ್ಚು ತಮ್ಮದೇ, ಅಥವಾ ಮನೆಯವರದ್ದು. ಎಲ್ಲಿಗೆ ಅಂತ ಚರ್ಚೇ ಹೇಳುತ್ತದೆ. ಇವಳಿಗೆ ಬಂದದ್ದು ಫಿಲಿಪ್ಪೀನ್ಸ್. ಸೆಬುವಾನೊ ಭಾಷೆ ಕಲಿತಳು, ಬಕೆಟ್ಟಿನಲ್ಲಿ ಬಟ್ಟೆ ಒಗೆದಳು, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಜೊತೆಗಾತಿಯ ಜೊತೆ ಬಿಸಿಲಲ್ಲಿ ನಡೆದಳು. ತಿಂಗಳುಗಟ್ಟಲೆ ಒಂದು ಮನೆಯವರ ಜೊತೆ ಕೂತು ಪಾಠ ಹೇಳಿದಳು. ಕೊನೆಗೆ ಆ ಮನೆಯ ಹೆಂಗಸು ದೀಕ್ಷಾಸ್ನಾನಕ್ಕೆ ಒಪ್ಪಿದಾಗ, ನೀರಿಗಿಳಿದು ಮುಳುಗಿಸಿ ಎತ್ತಿದ್ದು ಒಬ್ಬ ಹುಡುಗ. ಆ ಹೆಂಗಸಿಗೆ ಅವನ ಮುಖದ ಪರಿಚಯವೂ ಸರಿಯಾಗಿ ಇರಲಿಲ್ಲ. ಇವಳು ಟವೆಲ್ ಹಿಡಿದು ನಿಂತಿದ್ದಳು.

ಅವಳು ಅಲ್ಲಿರುವಾಗಲೇ, 2019ರ ಅಕ್ಟೋಬರಿನಲ್ಲಿ, ಒಂದು ನಿಯಮ ಬದಲಾಯಿತು. ದೀಕ್ಷಾಸ್ನಾನ ಸರಿಯಾಗಿ ಆಯಿತಾ ಅಂತ ನೋಡಲು ಇಬ್ಬರು ಸಾಕ್ಷಿಗಳಿರುತ್ತಾರೆ. ಅಲ್ಲಿಯವರೆಗೆ ಅವರೂ ಗಂಡಸರೇ. ಇನ್ನು ಮೇಲೆ ಹೆಂಗಸರೂ ಆಗಬಹುದು ಅಂತಾಯಿತು. ಕೆಲವು ವಾರ ಕಳೆದು ಇವಳು ಆ ಜಾಗದಲ್ಲಿ ಕೂತಳು. ಕೂದಲಿನ ಒಂದು ಎಳೆ ನೀರಿನ ಮೇಲೆ ತೇಲಿದರೂ ಮತ್ತೊಮ್ಮೆ ಮುಳುಗಿಸಬೇಕು, ಅದನ್ನು ಹೇಳುವುದು ಸಾಕ್ಷಿಯ ಕೆಲಸ. ಅವತ್ತು ಕಣ್ಣು ಮಿಟುಕಿಸದೆ ನೋಡಿದೆ ಅಂದಳು. ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಹೊರಗಿನವರಿಗೆ ಇದು ಒಂದು ಕುರ್ಚಿ ಅಷ್ಟೇ. ಅವಳಿಗೆ ಅಷ್ಟೇ ಅಲ್ಲ.

ಮಿಷನ್ ಪೂರ್ತಿ ಅಲ್ಲೇ ಮುಗಿಯಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಫಿಲಿಪ್ಪೀನ್ಸ್‌ನಲ್ಲಿದ್ದ ಹೊರದೇಶದ ಮಿಷನರಿಗಳನ್ನೆಲ್ಲ ವಾಪಸ್ ಕರೆಸಿದರು. ಅದೇ ವಾರ, ಮಾರ್ಚ್ 18ರಂದು, ಸಾಲ್ಟ್ ಲೇಕ್‌ನಲ್ಲಿ 5.7 ತೀವ್ರತೆಯ ಭೂಕಂಪ ಆಗಿತ್ತು. ದೊಡ್ಡ ದೇವಾಲಯದ ತುದಿಯಲ್ಲಿರುವ, ಮೊರೋನೈ ಎಂಬ ದೇವದೂತನ ಪ್ರತಿಮೆಯ ಕೈಯಿಂದ ತುತ್ತೂರಿ ಬಿದ್ದಿತ್ತು. ಗುಡ್‌ಬೈ ಹೇಳಲೂ ಆಗದೆ ಬಂದವಳು ಎರಡು ವಾರ ತನ್ನ ಕೋಣೆಯಲ್ಲೇ ಇದ್ದಳು. ಉಳಿದ ತಿಂಗಳು ಟೆಕ್ಸಾಸ್‌ನಲ್ಲಿ, ಬಹುಪಾಲು ಫೋನಿನಲ್ಲೇ ಪಾಠ. ಆ ಫಿಲಿಪ್ಪೀನ್ಸ್ ಮನೆಯವರು ಈಗಲೂ ಅವಳಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಗೋಡೆಯಾಚೆಯಿಂದ ಸೆಬುವಾನೊ ನಗು ನನಗೆ ಕೇಳಿಸುತ್ತದೆ.

ಮೂರನೇ ಹೆಂಡತಿಯ ಮೊಮ್ಮಗಳ ಮೊಮ್ಮಗಳು

ವಂಶವೃಕ್ಷ ಇವರಿಗೆ ಹವ್ಯಾಸ ಅಲ್ಲ, ಧರ್ಮದ ಕೆಲಸ. ಸತ್ತ ಹಿರಿಯರ ಪರವಾಗಿ ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು ಅನ್ನುತ್ತಾರೆ. ಅದಕ್ಕಾಗಿ ಜಗತ್ತಿನ ಎಲ್ಲ ಕಡೆಯ ದಾಖಲೆ ಸೇರಿಸಿ, ಸಾಲ್ಟ್ ಲೇಕ್ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಅದರೊಳಗೆ ಇಟ್ಟಿದ್ದಾರೆ. ನಮ್ಮ ಹರಿದ್ವಾರದ ಪಂಡಾಗಳ ವಂಶಾವಳಿ ಪುಸ್ತಕಗಳನ್ನೂ ಮೈಕ್ರೋಫಿಲ್ಮ್ ಮಾಡಿಸಿಕೊಂಡಿದ್ದಾರೆ. ಒಂದು ಚಳಿಗಾಲದ ಮಧ್ಯಾಹ್ನ ಅವಳು ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ನಿಮ್ಮ ಮನೆಯದ್ದು ಮಾಡೋಣ ಬನ್ನಿ ಅಂದಳು. ಪೂಜೆ ಪುನಸ್ಕಾರ ಏನೂ ಬೇಡ, ಹೆಸರು ಮಾತ್ರ ಅಂದೆ. ನಾವು ಮಾಡಿಸಬೇಕಾದ್ದು ನಮ್ಮ ನಮ್ಮ ಹಿರಿಯರಿಗೆ ಮಾತ್ರ, ನಿಮ್ಮವರನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಳು. ಅಪ್ಪನಿಗೆ ಫೋನ್ ಮಾಡಿದೆ. ತರ್ಪಣ ಕೊಟ್ಟು ಅಭ್ಯಾಸ, ಮೂರು ತಲೆಮಾರು ಗಡಗಡ ಹೇಳಿದರು. ಅಮ್ಮನ ಕಡೆ ಅಜ್ಜಿಯ ಅಮ್ಮನ ಹೆಸರು ಕೇಳಿದೆ. ಮದುವೆಯಲ್ಲಿ ಬದಲಾಯಿಸಿದ ಹೆಸರು ಗೊತ್ತು, ಹುಟ್ಟಿದ ಹೆಸರು ಯಾರಿಗೂ ಗೊತ್ತಿಲ್ಲ. ಆ ಚೌಕ ಖಾಲಿ ಉಳಿಯಿತು.

ಆಮೇಲೆ ಅವಳು ತನ್ನ ವೃಕ್ಷ ತೋರಿಸಿದಳು. ಮೇಲೆ ಒಬ್ಬ ಗಂಡಸು, ಅವನಿಂದ ಮೂರು ಗೆರೆ. ಇವಳು ಬಂದದ್ದು ಮೂರನೇ ಗೆರೆಯಿಂದ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ಹೊಸ ದೇಶದಲ್ಲಿ ಮೂರನೇ ಹೆಂಡತಿಯಾದವಳು. ಅವಳ ದಿನಚರಿಯ ಕೆಲವು ಪುಟಗಳನ್ನು ಮನೆಯವರು ಸ್ಕ್ಯಾನ್ ಮಾಡಿಟ್ಟಿದ್ದಾರೆ. ಹೆಚ್ಚಾಗಿ ಹಾಲು, ಹೊಲಿಗೆ, ಮಕ್ಕಳ ಜ್ವರ. ಗಂಡ ಬಂದ ದಿನ, ‘ಇವತ್ತು ಅವರು ಬಂದಿದ್ದರು’ ಅಂತ ಒಂದೇ ಸಾಲು. ಇವಳಿಗೆ ಆ ಪದ್ಧತಿ ಕಂಡರೆ ಹೊಟ್ಟೆ ಕಿವುಚುತ್ತದೆ. ಆ ಮದುವೆ ಆಗದೇ ಇದ್ದಿದ್ದರೆ ತಾನಿಲ್ಲ ಅನ್ನೋದೂ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವಳು ಬದುಕಬೇಕು.

ಆ ಕಾಲದ ಹೆಂಗಸರನ್ನು ಪಾಪದವರು ಅಂದರೆ ಮಾತ್ರ ಅವಳು ಒಪ್ಪುವುದಿಲ್ಲ. 1870ರ ಫೆಬ್ರುವರಿ 14ರಂದು ಸಾಲ್ಟ್ ಲೇಕ್‌ನಲ್ಲಿ ಸೆರಾಫ್ ಯಂಗ್ ಎಂಬ ಶಾಲಾ ಶಿಕ್ಷಕಿ ಓಟು ಹಾಕಿದಳು. ಗಂಡಸರಿಗೆ ಸಮಾನವಾದ ಮತದಾನದ ಕಾನೂನಿನಡಿ ಈ ದೇಶದಲ್ಲಿ ಓಟು ಹಾಕಿದ ಮೊದಲ ಹೆಂಗಸು ಅವಳು. 1887ರಲ್ಲಿ ಅಮೆರಿಕದ ಸಂಸತ್ತು ಬಹುಪತ್ನಿತ್ವ ಹತ್ತಿಕ್ಕುವ ಕಾನೂನಿನಲ್ಲೇ ಯೂಟಾದ ಹೆಂಗಸರ ಓಟನ್ನೂ ಕಿತ್ತುಕೊಂಡಿತು. 1896ರಲ್ಲಿ ಯೂಟಾ ರಾಜ್ಯವಾದಾಗ ಓಟು ವಾಪಸ್ ಬಂತು. ಅದೇ ವರ್ಷ ಮಾರ್ಥಾ ಹ್ಯೂಸ್ ಕ್ಯಾನನ್ ಎಂಬ ಡಾಕ್ಟರು, ನಾಲ್ಕನೇ ಹೆಂಡತಿ, ರಾಜ್ಯದ ಸೆನೆಟ್‌ಗೆ ನಿಂತಳು. ಗಂಡನೂ ಅದೇ ಚುನಾವಣೆಯಲ್ಲಿ ಎದುರಾಳಿ ಪಕ್ಷದಿಂದ ನಿಂತಿದ್ದ. ಅವಳು ಗೆದ್ದಳು, ಅವನು ಸೋತ. ಅಮೆರಿಕದಲ್ಲೇ ಮೊದಲ ಮಹಿಳಾ ರಾಜ್ಯ ಸೆನೆಟರ್. 2024ರಲ್ಲಿ ಅವಳ ಪ್ರತಿಮೆಯನ್ನು ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನಿಲ್ಲಿಸಿದರು. ಊರಿನವರು ಇನ್ನೊಮ್ಮೆ ನಾಲ್ಕು ಹೆಂಡಿರ ಮಾತು ತೆಗೆದರೆ ಈ ನಾಲ್ಕನೇ ಹೆಂಡತಿಯ ಕಥೆ ಹೇಳಬೇಕು ಅಂತಿದ್ದೇನೆ.

ತಾಯಿ ಇದ್ದಾಳೆ, ಆದರೆ

ಇವರ ನಂಬಿಕೆಯಲ್ಲಿ ಪರಲೋಕದ ತಂದೆ ಮಾತ್ರವಲ್ಲ, ತಾಯಿಯೂ ಇದ್ದಾಳೆ. ಕ್ರೈಸ್ತರಲ್ಲಿ ಇದು ಅಪರೂಪ. ಅವಳು ಮೊದಲ ಸಲ ಹೇಳಿದಾಗ ನನಗೆ ಬಹಳ ಖುಷಿಯಾಯಿತು. ನಾನು ಬೆಳೆದದ್ದು ಶಿರಸಿ ಮಾರಿಕಾಂಬೆಯ ಜಾತ್ರೆ ನೋಡಿಕೊಂಡು. ಕಷ್ಟ ಬಂದರೆ ಮೊದಲು ಬಾಯಿಗೆ ಬರುವುದೇ ಅಮ್ಮ. ಹಾಗಾದರೆ ಆ ತಾಯಿಯ ಹತ್ತಿರ ಏನು ಬೇಡಿಕೊಳ್ಳುತ್ತೀಯ ಅಂದೆ. ಬೇಡಿಕೊಳ್ಳುವ ಹಾಗಿಲ್ಲ, ಪ್ರಾರ್ಥನೆ ತಂದೆಗೆ ಮಾತ್ರ ಅಂದಳು. ನನಗೆ ತಡೆಯಲಾಗಲಿಲ್ಲ. ಮನೆಯಲ್ಲೇ ತಾಯಿ ಇದ್ದೂ ಮಾತಾಡಿಸದೆ ಹೇಗಿರುತ್ತೀರಿ? ಅವಳು ಲೋಟ ಕೆಳಗಿಟ್ಟಳು. ರಾತ್ರಿ ಪಾಳಿಯಲ್ಲಿ ಹಸುಗೂಸುಗಳಿಗೆ ಹಾಲು ಕುಡಿಸುವಾಗ ಅವಳ ಬಗ್ಗೆ ಯೋಚಿಸುತ್ತೇನೆ, ಅಷ್ಟು ಮಾಡಬಹುದಲ್ಲ ಅಂದಳು.

ಹೆಂಗಸರಿಗೂ ಪುರೋಹಿತಿಕೆ ಕೊಡಿ ಅಂತ ಚಳವಳಿ ಕಟ್ಟಿದ ವಕೀಲೆ ಕೇಟ್ ಕೆಲ್ಲಿಯನ್ನು 2014ರ ಜೂನ್‌ನಲ್ಲಿ ಚರ್ಚಿನಿಂದ ಹೊರಹಾಕಿದರು. ಆಗ ಇವಳಿಗೆ 14. ಮನೆಯಲ್ಲಿ ಯಾರೂ ಆ ಬಗ್ಗೆ ಮಾತಾಡಲಿಲ್ಲವಂತೆ. ಇವಳ ಜೊತೆ ಓದಿದ ಎಷ್ಟೋ ಹುಡುಗಿಯರು ಈಗ ಚರ್ಚ್ ಬಿಟ್ಟಿದ್ದಾರೆ. ಅವರ ಜೊತೆ ಗೆಳೆತನ ಬಿಟ್ಟಿಲ್ಲ ಇವಳು. ನೀನ್ಯಾಕೆ ಬಿಟ್ಟಿಲ್ಲ ಅಂತ ಕೇಳಿದೆ. ನಾನು ಹೋದರೆ ಆ ಫಾರಂ ತುಂಬುವುದು ಯಾರು ಅಂದಳು. ಆಮೇಲೆ ತಡೆದು ಹೇಳಿದಳು, ಅದಷ್ಟೇ ಕಾರಣ ಅಲ್ಲ, ನನಗೆ ದೇವರು ಸಿಕ್ಕಿದ್ದು ಇಲ್ಲೇ. ನಾನು ಒಪ್ಪುವುದಿಲ್ಲ ಅಂತ ಅವಳಿಗೆ ನೇರವಾಗಿ ಹೇಳಿದ್ದೇನೆ. ಮನೆಮನೆಯ ಹಸಿವು ಗೊತ್ತಿರುವವಳಿಗೆ ಒಪ್ಪಿಗೆ ಕೊಡುವ ಅಧಿಕಾರ ಯಾಕಿಲ್ಲ? ಆದರೆ ಅವಳು ಅಲ್ಲಿರುವುದು ಹೆದರಿಕೆಯಿಂದ ಅಲ್ಲ, ಗೊತ್ತಿಲ್ಲದೆಯೂ ಅಲ್ಲ. ಇದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಹೋದ ತಿಂಗಳು ಅವಳನ್ನು ಆ ಕೆಲಸದಿಂದ ಬಿಡುಗಡೆ ಮಾಡಿದರು. ಅದು ಶಿಕ್ಷೆ ಅಲ್ಲ, ಎಲ್ಲರ ಕೆಲಸವೂ ಹೀಗೆ ಬದಲಾಗುತ್ತದೆ. ಹೊಸ ಅಧ್ಯಕ್ಷೆಗೆ 22 ವರ್ಷ. ಎಲ್ಲರೂ ಕೈ ಎತ್ತಿ ಒಪ್ಪಿಗೆ ಕೊಟ್ಟರು, ಇವಳೂ ಎತ್ತಿದಳು. ಈಗ ಭಾನುವಾರದ ಪಾಠ ಹೇಳುವ ಕೆಲಸ ಕೊಟ್ಟಿದ್ದಾರೆ, ಹುಡುಗರು ಹುಡುಗಿಯರು ಒಟ್ಟಿಗೇ ಕೂರುವ ತರಗತಿ. ಅವಳು ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಕೂತು ತಯಾರಿ ಮಾಡುತ್ತಿದ್ದ ಪಾಠ, 1830ರ ಜುಲೈನಲ್ಲಿ ಎಮಾ ಸ್ಮಿತ್‌ಗೆ ಅಂತಲೇ ಬಂದ ದೈವವಾಣಿಯದ್ದು. ಶಾಸ್ತ್ರವನ್ನು ವಿವರಿಸಿ ಹೇಳಲು, ಸಭೆಗೆ ಬುದ್ಧಿ ಹೇಳಲು ನಿನ್ನನ್ನು ನೇಮಿಸಲಾಗುತ್ತದೆ ಅಂತ ಅದರಲ್ಲಿ ಆ ಹೆಂಗಸಿಗೆ ಹೇಳಿದೆ. ಅದನ್ನು ಒಬ್ಬ ಹುಡುಗನ ಕೈಲಿ ಗಟ್ಟಿಯಾಗಿ ಓದಿಸುತ್ತಾಳಂತೆ. ಆಮೇಲೆ ನಾವು ಇದನ್ನು ಎಷ್ಟು ನಡೆಸಿದ್ದೇವೆ ಅಂತ ಕೇಳುತ್ತಾಳಂತೆ. ಉತ್ತರ ಬರುವವರೆಗೆ ತಾನು ಬಾಯಿ ತೆರೆಯುವುದಿಲ್ಲ ಅಂದಿದ್ದಾಳೆ. ನನ್ನನ್ನೂ ಕರೆದಿದ್ದಾಳೆ. ಹೋಗುತ್ತೇನೆ.